ಏಳು ಕುದುರೆಗಳನ್ನು ಮೊದಲು ಗೋಡೆಯಿಂದ ಇಳಿಸಿ

“‘ಪ್ರಕೃತಿ ಮತ್ತು ಚಲನೆ’ ಅಂತ ಥೀಮ್ ಕೊಟ್ಟಿದ್ದಾರೆ ಸಾರ್, ಸ್ಫೂರ್ತಿಗೆ ಒಂದಷ್ಟು ಚಿತ್ರ ಹೇಳಿ” ಎಂದು ಕೇಳಿಕೊಂಡು ಬರುವವರಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ಚಿತ್ರಕಲಾ ಶಾಲೆಯ ಹುಡುಗರು, ಊರಿನ ಶಾಲೆಯ ಕಾಂಪೌಂಡಿಗೆ ಬಣ್ಣ ಬಳಿಯಲು ಹೊರಟ ಗೆಳೆಯರ ಬಳಗ, ಹೊಸ ಮನೆಯ ಹಾಲಿಗೆ ಗೋಡೆಯಗಲದ ಕ್ಯಾನ್‌ವಾಸು ಬರೆಸಬೇಕೆಂದಿರುವ ದಂಪತಿ. ಎಲ್ಲರ ಫೋನಿನಲ್ಲೂ ಆಗಲೇ ಒಂದು ಫೋಲ್ಡರು ಸಿದ್ಧವಾಗಿರುತ್ತದೆ. ಅದರೊಳಗೆ ಏನಿದೆಯೆಂದು ತೆರೆಯದೆಯೇ ಹೇಳಬಲ್ಲೆ. ಸಮುದ್ರದ ನೊರೆ ಎಬ್ಬಿಸಿಕೊಂಡು ಓಡುವ ಏಳು ಬಿಳಿ ಕುದುರೆಗಳು. ನುಣ್ಣಗೆ ಬಿಳಿಚಿಕೊಂಡ ಒಂದು ಜಲಪಾತ. ಮುಳುಗುವ ಸೂರ್ಯನ ಮುಂದೆ ಕೈಕಾಲು ಚೆಲ್ಲಿ ಜಿಗಿಯುತ್ತಿರುವ ಹುಡುಗಿಯ ಕಪ್ಪು ಆಕೃತಿ. ಕೆಸರು ಹಾರಿಸುವ ಕಂಬಳದ ಕೋಣಗಳು. ಕೊನೆಗೆ, ತಮಗೂ ಕಲೆಯ ಇತಿಹಾಸ ಗೊತ್ತೆಂದು ತೋರಿಸಲಿಕ್ಕೆ, ಜಪಾನಿನ ಆ ನೀಲಿ ಅಲೆ. ಅದರಲ್ಲೂ ದೋಣಿಗಳನ್ನು ಕತ್ತರಿಸಿ ಬಿಸಾಕಿದ್ದು.

ಇದೇ ಜನ ಪ್ರದರ್ಶನಕ್ಕೆ ಬಂದಾಗ ಛಾಯಾಚಿತ್ರದ ಮುಂದೆ ನಿಂತು “ಪೇಂಟಿಂಗ್ ಥರಾ ಇದೆ” ಅನ್ನುತ್ತಾರೆ, ಪೇಂಟಿಂಗಿನ ಮುಂದೆ ನಿಂತು “ಫೋಟೋ ಥರಾನೇ ಇದೆ” ಅನ್ನುತ್ತಾರೆ. ಎರಡೂ ಹೊಗಳಿಕೆಯೇ. ಆಮೇಲೆ ಸೆಲ್ಫಿ, ಆಮೇಲೆ ಕಾಫಿ. ಅಂಥವರನ್ನೂ ಬಿಟ್ಟುಕೊಡಲು ಮನಸ್ಸಿಲ್ಲದೆ ಈ ಕೈಪಿಡಿ ಬರೆಯುತ್ತಿದ್ದೇನೆ. ಚೌಕಟ್ಟನ್ನು ಮೂರು ಪಾಲು ಮಾಡುವುದು, ಹಿನ್ನೆಲೆ ಮುನ್ನೆಲೆ, ಬಿಸಿ ಬಣ್ಣ ತಂಪು ಬಣ್ಣ ಇತ್ಯಾದಿ ಪಾಠ ಇಲ್ಲಿ ಸಿಗುವುದಿಲ್ಲ. ಅದನ್ನು ಹೇಳಿಕೊಡುವವರು ಬೀದಿಗೊಬ್ಬರಿದ್ದಾರೆ. ನನಗೆ ಹೇಳಲಿಕ್ಕಿರುವುದು ಒಂದೇ ಸಂಗತಿ, ಅದನ್ನು ಯಾರೂ ಹೇಳಿಕೊಡುತ್ತಿಲ್ಲ: ಚಲನೆಯ ಚಿತ್ರ ಆರಿಸುವಾಗ ವೇಗ ಹುಡುಕಬೇಡಿ, ಭಾರ ಹುಡುಕಿ. ಮೈಯ ಭಾರ ಯಾವ ಕಾಲನ್ನು ಬಿಟ್ಟಿದೆ, ಯಾವ ಕಾಲಿಗೆ ಹೋಗುತ್ತಿದೆ, ಈಗ ಎಲ್ಲಿದೆ? ಈ ಪ್ರಶ್ನೆಗೆ ಉತ್ತರ ಕೊಡದ ಚಿತ್ರ ಎಷ್ಟೇ ಚೆಂದವಿರಲಿ, ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಕುದುರೆಗಳಿಂದಲೇ ಶುರು ಮಾಡೋಣ. ವಾಸ್ತುವಿನವರು ಹೇಳಿದ ಗೋಡೆಗೆ ನೇತುಬಿದ್ದಿರುವ ಆ ಏಳು ಕುದುರೆಗಳನ್ನು ಒಮ್ಮೆ ಮಂಡಿಯಿಂದ ಕೆಳಗೆ ನೋಡಿ. ಗೊರಸುಗಳೇ ಇಲ್ಲ! ನೊರೆಯೋ ಧೂಳೋ ಎದ್ದು ಅಷ್ಟೂ ಮುಚ್ಚಿಹೋಗಿದೆ. ಚಿತ್ರ ಬರೆದವನಿಗೆ ಕಾಲಿನ ಕಷ್ಟ ಗೊತ್ತು, ಆದ್ದರಿಂದ ನೊರೆ ಎಬ್ಬಿಸಿದ್ದಾನೆ. ಏಳಕ್ಕೆ ಏಳೂ ಕತ್ತು ಒಂದೇ ಓರೆಯಲ್ಲಿ, ಏಳೂ ಕೇಸರ ಒಂದೇ ಗಾಳಿಗೆ. ಇಷ್ಟು ಕುದುರೆಗಳು ಓಡುತ್ತಿದ್ದರೂ ನೆಲಕ್ಕೆ ಒಂದು ಏಟು ಬಿದ್ದಿಲ್ಲ. ಬೆಂಗಳೂರಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ಇವು ನನ್ನ ಬೆನ್ನು ಹತ್ತುತ್ತವೆ. ಮನೆಗೆ ಐಶ್ವರ್ಯ ತರುತ್ತವೆಯೋ ಇಲ್ಲವೋ ನಾನರಿಯೆ. ಕಲಿಯುವವರ ಕಣ್ಣನ್ನಂತೂ ಕೆಡಿಸುತ್ತವೆ.

ಇನ್ನು ನಿಜವಾದ ಕುದುರೆಯ ಕತೆ. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್‌ವರ್ಡ್ ಮೈಬ್ರಿಜ್ ಎಂಬ ಇಂಗ್ಲಿಷ್ ಛಾಯಾಗ್ರಾಹಕ ಓಟದ ಹಾದಿಯ ಪಕ್ಕಕ್ಕೆ ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯಿಂದಲೇ ಒಂದೊಂದಾಗಿ ಅವು ಕಣ್ಣು ತೆರೆಯುವಂತೆ ಮಾಡಿದ. ಅಲ್ಲಿಯವರೆಗೆ ಯುರೋಪಿನ ಚಿತ್ರಕಾರರೆಲ್ಲ ನಾಗಾಲೋಟದ ಕುದುರೆ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುತ್ತದೆ ಎಂದೇ ಬರೆಯುತ್ತಿದ್ದರು. ಜೆರಿಕೊ ಎಂಬ ಫ್ರೆಂಚ್ ಕಲಾವಿದ 1821ರಲ್ಲಿ ಬರೆದ ಎಪ್ಸಮ್ ಕುದುರೆ ಓಟದ ಚಿತ್ರ ಪ್ಯಾರಿಸಿನ ಲೂವ್ರ್‌ನಲ್ಲಿದೆ. ಅದರ ಕುದುರೆಗಳು ಹೀಗೇ ಚಾಚಿಕೊಂಡಿವೆ. ಮೈಬ್ರಿಜ್‌ನ ಫಲಕಗಳು ಹೇಳಿದ್ದು ಬೇರೆ. ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಆ ಗಳಿಗೆಯಲ್ಲಿ ಕಾಲುಗಳು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮಡಿಸಿಕೊಂಡಿರುತ್ತವೆ. ಮೆಸೊನಿಯೆ ಎಂಬ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಕುದುರೆಯ ಓಟ ತಿಳಿಯಲೆಂದೇ ತನ್ನ ತೋಟದಲ್ಲಿ ಹಳಿ ಹಾಕಿಸಿ, ತಳ್ಳುಬಂಡಿಯಲ್ಲಿ ಕೂತು ಕುದುರೆಯ ಪಕ್ಕದಲ್ಲೇ ಸಾಗುತ್ತ ನೋಡಿದ್ದ ಮನುಷ್ಯ. ಈ ಫೋಟೋಗಳು ಅವನನ್ನೇ ಕಂಗೆಡಿಸಿದವು.

ಮುಂದೆ ಶಿಲ್ಪಿ ರೋಡಾನ್ ಎತ್ತಿದ ತಕರಾರು ನನಗೆ ಬಹಳ ಪ್ರಿಯ. ಫೋಟೋದ ಕುದುರೆ ಓಡುವಂತೆ ಕಾಣುವುದಿಲ್ಲ, ಜೆರಿಕೊನ ಕುದುರೆ ಓಡುತ್ತದೆ. ಯಾಕೆಂದರೆ ಕಾಲ ಎಂದೂ ನಿಲ್ಲುವುದಿಲ್ಲ, ನಿಲ್ಲಿಸಿ ತೋರಿಸುವ ಫೋಟೋವೇ ಸುಳ್ಳು ಎನ್ನುವುದು ಅವನ ವಾದದ ಸಾರ. ವಾದದಲ್ಲಿ ಅರ್ಧ ನಿಜವಿದೆ, ಮಿಕ್ಕರ್ಧವನ್ನು ಅವನ ಕೈಯೇ ಹೇಳಿತು. ಅವನು ಮಾಡಿದ, ನಡೆಯುತ್ತಿರುವ ಸಂತ ಜಾನನ ಪ್ರತಿಮೆಯಲ್ಲಿ ಎರಡೂ ಪಾದಗಳು ಪೂರ್ತಿ ನೆಲಕ್ಕೂರಿವೆ. ನಿಜವಾಗಿ ನಡೆಯುವವರು ಯಾರೂ ಹಾಗೆ ಊರುವುದಿಲ್ಲ. ಆದರೂ ಆ ಮನುಷ್ಯ ನಡೆಯುತ್ತಾನೆ, ಯಾಕೆಂದರೆ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಭಾರ ದಾಟುವುದನ್ನು ನಮ್ಮ ಕಣ್ಣು ಸೊಂಟದ ಮೇಲೆ ಹಾದು ಓದಿಕೊಳ್ಳುತ್ತದೆ.

ಮೈಬ್ರಿಜ್‌ನನ್ನು ಹಾಗಂತ ಬಿಸಾಡಬೇಡಿ. 1887ರಲ್ಲಿ ಅವನು ಹೊರತಂದ ಪ್ರಾಣಿ ಚಲನೆಯ ಸಂಪುಟದಲ್ಲಿ 781 ಫಲಕಗಳಿವೆ. ಅದರ ಯಾವುದಾದರೂ ನಾಗಾಲೋಟದ ಫಲಕ ತೆಗೆದುಕೊಳ್ಳಿ. ಎಲ್ಲರೂ ಬೆರಳಿಡುವುದು ನಾಲ್ಕೂ ಕಾಲು ಗಾಳಿಯಲ್ಲಿರುವ ಚೌಕದ ಮೇಲೆ. ನೀವು ಅದಕ್ಕಿಂತ ಮುಂಚಿನ ಚೌಕಗಳಿಗೆ ಹೋಗಿ. ಅಲ್ಲಿ ಇಡೀ ಕುದುರೆ ಒಂದೇ ಮುಂಗಾಲಿನ ಮೇಲೆ ನಿಂತಿರುತ್ತದೆ. ಗೊರಸಿನ ಮೇಲಿನ ಗಿಣ್ಣು ಬಾಗಿ ನೆಲ ಮುಟ್ಟುವಷ್ಟು ಕುಸಿದಿರುತ್ತದೆ, ಹೆಗಲು ಉಬ್ಬಿರುತ್ತದೆ, ತಲೆ ಕೆಳಗಿಳಿದಿರುತ್ತದೆ. ಅಷ್ಟು ದೊಡ್ಡ ಪ್ರಾಣಿ, ಸವಾರನೂ ಸೇರಿ, ಒಂದು ತೆಳ್ಳನೆಯ ಕೋಲಿನ ಮೇಲೆ! ಆರಿಸಬೇಕಾದ್ದು ಅದನ್ನು. ಹಾರಾಟ ಅದರೊಳಗೇ ಅಡಗಿದೆ.

ಇದು ನನಗೆ ಪುಸ್ತಕದಿಂದ ಬಂದ ಬುದ್ಧಿಯಲ್ಲ, ಆಟದ ಬಯಲಿನಿಂದ ಬಂದದ್ದು. ಚಿತ್ರಕಲೆ ಕಲಿಯುತ್ತಿದ್ದ ದಿನಗಳಲ್ಲಿ ಕರಾವಳಿಯಲ್ಲಿ ಎಲ್ಲಿ ಬಯಲಾಟವಿದ್ದರೂ ಹಾಳೆ, ಇದ್ದಿಲು ಹಿಡಿದು ಮುಂದಿನ ಸಾಲಿನಲ್ಲಿ ಕೂರುವ ಚಟ. ಒಂದು ರಾತ್ರಿ ತೆಂಕುತಿಟ್ಟಿನ ಯಕ್ಷಗಾನ ಮೇಳ. ಪುಂಡುವೇಷ ಹಾರಿ ಸುತ್ತುವ ಧೀಂಗಿಣಕ್ಕೆ ಹೊರಟಿತು, ಚೆಂಡೆ ಏರಿತು, ಹುಡುಗ ರಂಗಸ್ಥಳದ ಸುತ್ತ ಗಾಳಿಯಲ್ಲೇ ಇದ್ದ. ನಾನು ಅವನು ಮೇಲಿರುವ ಭಂಗಿಯನ್ನು ಹಿಡಿಯಲು ಹಾಳೆಯ ಮೇಲೆ ಹಾಳೆ ಹರಿಯುತ್ತಿದ್ದೆ. ಪಕ್ಕದಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿದ್ದ ಹಿರಿಯರೊಬ್ಬರು ನನ್ನ ಹಾಳೆಗೆ ಇಣುಕಿ, “ಎಂತ ಮಾರಾಯಾ, ಬರೀ ಮೇಲೆ ನೋಡ್ತಾ ಇದ್ದಿ? ಅವ ಹಾರುವುದು ಕೆಳಗಿನಿಂದ ಅಲ್ವಾ?” ಅಂದರು. ಅವರಿಗೆ ಚಿತ್ರಕಲೆಯ ಗಂಧ ಇತ್ತೋ ಇಲ್ಲವೋ, ಆಟ ನೋಡಿ ನೋಡಿ ಕಣ್ಣು ಪಳಗಿತ್ತು. ಆಮೇಲೆ ಬೆಳಗಿನ ಜಾವದವರೆಗೆ ನಾನು ನೋಡಿದ್ದು ಮಂಡಿಯನ್ನು ಮಾತ್ರ. ಪ್ರತಿ ಸಲ ಏಳುವ ಮುಂಚೆ ಮಂಡಿ ಚೂರು ತಗ್ಗುತ್ತದೆ, ಹಿಮ್ಮಡಿ ನೆಲ ಬಿಡುತ್ತದೆ, ಸೊಂಟ ಒಂದು ಬದಿಗೆ ಸುತ್ತಿಕೊಳ್ಳುತ್ತದೆ. ಆ ತಗ್ಗಿದ ಗಳಿಗೆಯನ್ನು ಬರೆದಾಗ ಹಾಳೆಯ ಮೇಲಿನ ಹುಡುಗ ಹಾರಿದ. ಈಗಲೂ ಬಡಗುತಿಟ್ಟಿನ ಆಟ ನೋಡಲು ಹೋದರೆ ಮಂಡಿ ಕುಣಿತದ ಹೊತ್ತಿಗೆ ನಾನು ಕಿರೀಟದ ಕಡೆ ನೋಡುವುದಿಲ್ಲ. ಇಡೀ ಸಭೆ ಚಪ್ಪಾಳೆ ತಟ್ಟಿ ಸುತ್ತು ಎಣಿಸುತ್ತಿರುತ್ತದೆ. ಎಣಿಸಲಿ.

ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರಿಗೆ (1911–1996) ಇದೆಲ್ಲ ಮೊದಲೇ ಗೊತ್ತಿತ್ತು. ಲಯ ಎಂದರೇನೆಂದು ಮೈಯಿಂದಲೇ ತಿಳಿಯಬೇಕೆಂದು ಅವರು ಪಂಡಿತ್ ಸುಂದರ್ ಪ್ರಸಾದರ ಬಳಿ ಕಥಕ್ ಕಲಿತರು. ಬೆಳೆದು ಹೆಸರಾದ ಚಿತ್ರಕಾರ ಗೆಜ್ಜೆ ಕಟ್ಟಿ ನಿಂತದ್ದು ವೇದಿಕೆ ಏರಲಿಕ್ಕಲ್ಲ, ರೇಖೆ ಎಳೆಯಲಿಕ್ಕೆ! ‘ದ ಸಿಂಗಿಂಗ್ ಲೈನ್’ ಎಂಬ ಅವರ ರೇಖಾಚಿತ್ರಗಳ ಪುಸ್ತಕ ಎಲ್ಲಾದರೂ ಸಿಕ್ಕರೆ ಕೆಳಗಿಡಬೇಡಿ. ನರ್ತಕಿಯೊಬ್ಬಳನ್ನು ಕೆಲವೇ ಗೆರೆಗಳಲ್ಲಿ ಮುಗಿಸಿರುತ್ತಾರೆ. ಮುಖಕ್ಕೆ ಕಣ್ಣಿರದಿದ್ದರೂ ನಡೆಯುತ್ತದೆ, ಬೆರಳು ಅರ್ಧಕ್ಕೇ ನಿಂತರೂ ನಡೆಯುತ್ತದೆ. ಸೊಂಟದಿಂದ ಹಿಮ್ಮಡಿಗಿಳಿಯುವ ಗೆರೆಯನ್ನು ಮಾತ್ರ ಬೆರಳಿನಿಂದ ಹಿಂಬಾಲಿಸಿ ನೋಡಿ. ಅದರ ಮೇಲೆ ಇಡೀ ಹೆಂಗಸು ನಿಂತಿದ್ದಾಳೆ. ಹೆಬ್ಬಾರರ ಬಣ್ಣದ ಕ್ಯಾನ್‌ವಾಸುಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಆ ಗೆರೆಗಳಷ್ಟೇ ಸಾಕು.

ಒಂದು ಪರೀಕ್ಷೆ ಹೇಳುತ್ತೇನೆ. ಗಾರೆಯವರ ತೂಗುಗುಂಡು ಗೊತ್ತಲ್ಲ? ಮನೆಯಲ್ಲಿ ದಾರಕ್ಕೆ ಬೀಗದ ಕೈ ಕಟ್ಟಿಕೊಂಡರೂ ಸಾಕು. ಆರಿಸಿದ ಚಿತ್ರವನ್ನು ಅಚ್ಚು ಹಾಕಿಸಿ ಗೋಡೆಗೆ ನೆಟ್ಟಗೆ ಅಂಟಿಸಿ, ಮನುಷ್ಯನಾದರೆ ಕತ್ತಿನ ಗುಳಿಯಿಂದ ದಾರ ಇಳಿಬಿಡಿ. ದಾರ ಊರಿದ ಪಾದದ ಮೇಲೆ ಬಿದ್ದರೆ ಆತ ನಿಂತಿದ್ದಾನೆ, ಕೈ ಎಷ್ಟೇ ಬೀಸಲಿ. ಪಾದದ ಆಚೆಗೆ ಬಿದ್ದರೆ ಅವನು ಬೀಳುತ್ತಿದ್ದಾನೆ, ಬೀಳದಿರಲು ಇನ್ನೊಂದು ಕಾಲು ತರಲೇಬೇಕು. ಓಟ ಎಂದರೆ ಇಷ್ಟೇ. ಆ ಸೂರ್ಯಾಸ್ತದ ಹುಡುಗಿಗೆ ಈ ಪರೀಕ್ಷೆ ಮಾಡಿ. ಅವಳು ಎಲ್ಲಿಂದ ಬಂದಳು, ಎಲ್ಲಿ ಇಳಿಯುತ್ತಾಳೆ, ಏನೂ ತಿಳಿಯುವುದಿಲ್ಲ; ನೆಲವೇ ಕತ್ತಲಾಗಿರುತ್ತದೆ. ಈಚೆಗೆ ಯಂತ್ರಕ್ಕೆ ಹೇಳಿ ಬರೆಸಿದ ಚಿತ್ರಗಳನ್ನು ತರುವವರೂ ಇದ್ದಾರೆ. ಚರ್ಮದ ಹೊಳಪು, ಕೂದಲಿನ ಎಳೆ ಎಲ್ಲ ಅದ್ಭುತ. ದಾರ ಇಳಿಬಿಟ್ಟರೆ ಎಷ್ಟೋ ಸಲ ಜಿಂಕೆ ನೆಲದ ಮೇಲೂ ಇಲ್ಲ, ಗಾಳಿಯಲ್ಲೂ ಇಲ್ಲ.

ನೀರಿಗೂ ಭಾರವಿದೆ ಎಂದರೆ ಹುಡುಗರು ನಗುತ್ತಾರೆ. ಲಿಯೊನಾರ್ಡೊ ಡ ವಿಂಚಿ ನಗಲಿಲ್ಲ. ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿರುವ ಅವನ ನೀರಿನ ರೇಖಾಚಿತ್ರಗಳಲ್ಲೊಂದರ ಪಕ್ಕದ ಟಿಪ್ಪಣಿಯಲ್ಲಿ ಅವನು ನೀರಿನ ಮೇಲ್ಮೈಯನ್ನು ಕೂದಲಿನ ಜೊತೆ ಇಟ್ಟು ನೋಡಿದ್ದಾನೆ. ಕೂದಲಿಗೆ ಎರಡು ಚಲನೆ: ಒಂದು ಅದರ ತೂಕದಿಂದ, ಇನ್ನೊಂದು ಸುರುಳಿಯ ತಿರುವಿನಿಂದ. ನೀರಿಗೂ ಹಾಗೇ. ಸುರುಳಿಯನ್ನು ಎಲ್ಲರೂ ಬರೆಯುತ್ತಾರೆ, ರಂಗೋಲಿ ಬಲ್ಲವರು ಇನ್ನೂ ಚೆನ್ನಾಗಿ ಬರೆಯುತ್ತಾರೆ. ತೂಕವನ್ನು ಬರೆಯುವವರು ಕಡಿಮೆ.

ಜಪಾನಿನ ಆ ನೀಲಿ ಅಲೆಯ, ಹೊಕುಸಾಯಿಯ ಅಲೆಯ ವಿಷಯಕ್ಕೆ ಈಗ ಬರಬಹುದು. ಸುಮಾರು 1831ರಲ್ಲಿ ಅಚ್ಚಾದ ಮರದಚ್ಚಿನ ಚಿತ್ರ ಅದು. ಹೆಚ್ಚೆಂದರೆ 26 ಸೆಂಟಿಮೀಟರ್ ಎತ್ತರ, 38 ಅಗಲ. ಎರಡು ಕೈಯಲ್ಲಿ ಹಿಡಿದು ನೋಡುವಂಥದ್ದು. ಟೀ ಶರ್ಟಿನ ಮೇಲೆ, ಕಾಫಿ ಮಗ್ಗಿನ ಮೇಲೆ, ಸಲೂನಿನ ಗೋಡೆಯ ಮೇಲೆ ಬರುವಷ್ಟರಲ್ಲಿ ಅದರಲ್ಲಿ ಉಳಿಯುವುದು ನೊರೆಯ ಉಗುರುಗಳು ಮಾತ್ರ. ಮೂಲದಲ್ಲಿ ಮೂರು ದೋಣಿಗಳಿವೆ. ಹುಟ್ಟು ಹಾಕುವವರು ಸಾಲಾಗಿ ಮುಂದಕ್ಕೆ ಬಾಗಿ ದೋಣಿಗೆ ಅಂಟಿಕೊಂಡಿದ್ದಾರೆ. ದೂರದಲ್ಲಿ, ಅಲೆಯ ತಗ್ಗಿನಲ್ಲಿ, ಅಂಗೈಯಲ್ಲಿ ಹಿಡಿಯಬಹುದಾದಷ್ಟು ಪುಟ್ಟ ಫ್ಯೂಜಿ ಪರ್ವತ. ಬಲದಿಂದ ಎಡಕ್ಕೆ ಓದಿ ರೂಢಿಯಾದ ಜಪಾನಿಯರ ಕಣ್ಣಿಗೆ ಆ ಅಲೆ ಎದುರಿನಿಂದಲೇ ಬರುತ್ತದೆ. ನೀರು ಮೇಲೆದ್ದು ಮುಗಿದಿದೆ, ಬೀಳುವುದು ಶುರುವಾಗಿಲ್ಲ. ಅಷ್ಟೂ ನೀರಿನ ಭಾರ ಈಗ ಆ ಬಾಗಿದ ಬೆನ್ನುಗಳ ಮೇಲಿದೆ. ದೋಣಿ ಕತ್ತರಿಸಿದಿರೋ, ಅಲೆ ಕಮಾನಿನ ನಕ್ಷೆಯಾಯಿತು, ಸೀರೆಯಂಚಿಗೆ ಹಾಕಬಹುದು. ಚಿತ್ರ ಕತ್ತರಿಸುವ ಮುಂಚೆ ಯಾರ ತಲೆಯ ಮೇಲೆ ಏನು ಬೀಳಲಿದೆ ಎಂದು ನೋಡಿ ಅನ್ನುವುದು ಇದಕ್ಕೇ.

ಹೊಕುಸಾಯಿಗಿಂತ ಆರು ಶತಮಾನ ಹಿಂದೆ ಚೀನಾದ ದಕ್ಷಿಣ ಸಾಂಗ್ ಅರಸರ ಆಸ್ಥಾನದಲ್ಲಿ ಮಾ ಯುವಾನ್ ಎಂಬ ಚಿತ್ರಕಾರ ಬರೀ ನೀರನ್ನೇ ಹನ್ನೆರಡು ಹಾಳೆಗಳಲ್ಲಿ ಬರೆದಿದ್ದಾನೆ. ಈಗ ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿವೆ, ಮುದ್ರಿತ ಪ್ರತಿಗಳು ಸುಲಭವಾಗಿ ನೋಡಸಿಗುತ್ತವೆ. ಹೆಚ್ಚುಕಡಿಮೆ ದಡವಿಲ್ಲ, ದೋಣಿಯಿಲ್ಲ, ಮನುಷ್ಯರ ಸುಳಿವಿಲ್ಲ. ಹಳದಿ ನದಿಯ ಹಾಳೆಯಲ್ಲಿ ನೀರು ಒಂದನ್ನೊಂದು ತುಳಿದು ಏಳುತ್ತದೆ. ಸರೋವರದ ಹಾಳೆಯಲ್ಲಿ ತೆಳುಗಾಳಿಗೆ ಬಲೆ ಹೆಣೆದ ಹಾಗೆ ಮಲಗುತ್ತದೆ. ಹನ್ನೆರಡು ಹಾಳೆಗೆ ಹನ್ನೆರಡು ತೂಕ. ನೀರಿನ ಮೇಲೆ ಕೆಲಸ ಮಾಡುವವರು ಬೇರೆ ಏನೂ ನೋಡದಿದ್ದರೂ ಇದನ್ನು ನೋಡಬೇಕು.

ನಮ್ಮಲ್ಲೇ ನೋಡುವುದಾದರೆ ಜೋಗ. 253 ಮೀಟರು ಮೇಲಿಂದ ಶರಾವತಿ ನಾಲ್ಕು ಬಗೆಯಲ್ಲಿ ಬೀಳುತ್ತಾಳೆ. ರಾಜ ಬಂಡೆ ಮುಟ್ಟದೆ ನೆಟ್ಟಗೆ ಧುಮುಕುತ್ತಾನೆ. ರೋರರ್ ಬಂಡೆಯ ಸಂದಿಯಲ್ಲಿ ಅಬ್ಬರಿಸಿಕೊಂಡು ಬಂದು ರಾಜನ ಕಡೆಗೇ ಹಾಯುತ್ತದೆ. ರಾಕೆಟ್ ಬಾಣಬಾಣವಾಗಿ ಹೊರಚಿಮ್ಮುತ್ತದೆ. ರಾಣಿ ಬಂಡೆಯ ಮೈ ಹಿಡಿದುಕೊಂಡೇ ಇಳಿಯುತ್ತಾಳೆ. ಒಂದೇ ಹೊಳೆ, ಒಂದೇ ಎತ್ತರ, ಭಾರ ಇಳಿಸುವ ರೀತಿ ಮಾತ್ರ ನಾಲ್ಕು! ಇಂಥ ಪಾಠಶಾಲೆಯ ಎದುರು ನಿಂತು ಈಗಿನ ಕ್ಯಾಮೆರಾ ವೀರರು ಮಾಡುವುದೇನು? ಲೆನ್ಸಿನ ಮುಂದೆ ಕಪ್ಪು ಗಾಜು ಹಾಕಿ, ಶಟರನ್ನು ಸೆಕೆಂಡುಗಟ್ಟಲೆ ತೆರೆದಿಟ್ಟು, ನಾಲ್ಕನ್ನೂ ಒಂದೇ ಮಂಜು ಮಾಡಿಬಿಡುತ್ತಾರೆ. “ಸಿಲ್ಕಿ ಎಫೆಕ್ಟ್” ಅಂತೆ. ಅಷ್ಟು ಮೇಲಿಂದ ಬೀಳುವ ನೀರಿಗೆ ಕೂಡ ತೂಕವಿಲ್ಲದ ಹಾಗೆ ಮಾಡಬೇಕಾದರೆ ಕಷ್ಟಪಡಲೇಬೇಕು, ಪಡುತ್ತಾರೆ. ಡ್ರೋನಿನವರದು ಇನ್ನೊಂದು ಬಗೆ. ಮೇಲಿಂದ ನೋಡಿದರೆ ಬೀಳುವ ಯಾವುದೂ ಬೀಳುವುದಿಲ್ಲ.

ನಿಲ್ಲಿಸಿ ಹಿಡಿಯುವುದೇ ತಪ್ಪು, ಮಸುಕು ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದ ಹಾಲಿನ ಹನಿಯ ಚಿತ್ರದಲ್ಲಿ ಎಲ್ಲವೂ ಸ್ತಬ್ಧ, ಆದರೂ ಬಿದ್ದ ಹನಿಯ ಏಟು ಸುತ್ತಲೂ ಕಿರೀಟವಾಗಿ ಎದ್ದಿದೆ. ಅರ್ನ್‌ಸ್ಟ್ ಹಾಸ್ 1950ರ ದಶಕದಲ್ಲಿ ತೆಗೆದ ಸ್ಪೇನಿನ ಗೂಳಿ ಕಾಳಗದ ಬಣ್ಣದ ಫೋಟೋಗಳಲ್ಲಿ ಎಲ್ಲವೂ ಮಸುಕು, ಆದರೂ ಗೂಳಿ ಯಾವ ಕಡೆ ಒರಗುತ್ತಿದೆಯೆಂದು ನಿಮ್ಮ ಸೊಂಟಕ್ಕೆ ಗೊತ್ತಾಗುತ್ತದೆ. ಕಾರ್ತಿಯೆ ಬ್ರೆಸಾನ್ 1932ರಲ್ಲಿ ಪ್ಯಾರಿಸಿನ ರೈಲು ನಿಲ್ದಾಣದ ಹಿಂದೆ ಹಿಡಿದ, ನೀರು ದಾಟಲು ಹಾರಿದ ಮನುಷ್ಯನ ಚಿತ್ರ ನೀವೂ ನೋಡಿರುತ್ತೀರಿ. ಹಿಮ್ಮಡಿ ಇನ್ನೂ ನೀರು ಮುಟ್ಟಿಲ್ಲ. ಖ್ಯಾತಿಗೆ ಅರ್ಹವಾದ ಖ್ಯಾತ ಚಿತ್ರಗಳು ಅಪರೂಪ, ಇದು ಅವುಗಳಲ್ಲೊಂದು.

ಕಾಲು ಹೆಚ್ಚಿಸಿದರೆ ಓಟ ಹೆಚ್ಚುತ್ತದೆ ಎಂಬ ನಂಬಿಕೆಯೂ ಒಂದಿದೆ. 1912ರಲ್ಲಿ ದ್ಯುಶಾಂ ಮೆಟ್ಟಿಲಿಳಿಯುವ ಹೆಂಗಸನ್ನು ಹಲವಾಗಿ ಕತ್ತರಿಸಿ ಜೋಡಿಸಿದ, ಅದೇ ವರ್ಷ ಇಟಲಿಯ ಬಾಲ್ಲಾ ಸರಪಳಿಯ ನಾಯಿಮರಿಗೆ ಒಂದು ಹಿಂಡು ಕಾಲು ಬರೆದ. ನಾಯಿಮರಿ ಮುದ್ದಾಗಿದೆ. ದ್ಯುಶಾಂನ ಕೆಲಸಕ್ಕೆ ಮಾರೆಯ ಫೋಟೋಗಳೇ ಪ್ರೇರಣೆ, ಮತ್ತು ಆ ಮೂಲವೇ ಹೆಚ್ಚು ರುಚಿ. ಮಾರೆ ವೈದ್ಯನೂ ಶರೀರಶಾಸ್ತ್ರಜ್ಞನೂ ಆಗಿದ್ದ ಫ್ರೆಂಚ್ ಮನುಷ್ಯ. 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿಕೊಂಡು ಹಾರುವ ಹಕ್ಕಿಗಳಿಗೆ ಗುರಿಯಿಟ್ಟ, ಸೆಕೆಂಡಿಗೆ 12 ಚಿತ್ರ ತೆಗೆದ, ಕೊನೆಗೆ ಕಡಲಹಕ್ಕಿಯ ರೆಕ್ಕೆಬಡಿತದ ಹಂತಗಳನ್ನು ಒಂದಕ್ಕೊಂದು ಪೋಣಿಸಿ ಕಂಚಿನಲ್ಲಿ ಎರಕ ಹುಯ್ಯಿಸಿದ. ಅದು ಹಕ್ಕಿಯ ಶಿಲ್ಪವೋ ಗಾಳಿಯ ಶಿಲ್ಪವೋ ಎಂದು ನನಗೆ ಈಗಲೂ ಅನುಮಾನ.

ಹಕ್ಕಿಗಳ ಮಾತು ಬಂತು. ರಂಗನತಿಟ್ಟಿಗೆ ಭಾನುವಾರ ಹೋಗಿ ನೋಡಿ, ದೋಣಿಗಿಂತ ಉದ್ದದ ಲೆನ್ಸುಗಳು. ರೆಕ್ಕೆ ಪೂರಾ ಬಿಚ್ಚಿದ, ಪ್ರತಿ ಗರಿಯೂ ಎಣಿಸಲು ಸಿಗುವ, ಬೆನ್ನಿಗೆ ನೀಲಿ ಆಕಾಶವಿರುವ ಹಕ್ಕಿಗೇ ಎಲ್ಲರ ಓಟು. ವಸ್ತುಸಂಗ್ರಹಾಲಯದಲ್ಲಿ ಸೂಜಿ ಚುಚ್ಚಿಟ್ಟ ಪಾತರಗಿತ್ತಿಗೂ ಅದಕ್ಕೂ ಏನು ವ್ಯತ್ಯಾಸ? ನೀವು ಬಣ್ಣದ ಕೊಕ್ಕರೆ ಗೂಡಿಗೆ ಇಳಿಯುವುದನ್ನು ಆರಿಸಿ. ಕಾಲು ಜೋತುಬಿದ್ದಿರುತ್ತದೆ, ರೆಕ್ಕೆ ಗಾಳಿಯನ್ನು ತುಂಬಿಕೊಂಡು ಹಿಂದಕ್ಕೆ ತಳ್ಳುತ್ತಿರುತ್ತದೆ, ಕೊಂಬೆ ಇನ್ನೇನು ಬಾಗಲಿರುತ್ತದೆ. ಬಾಗಿದ ಕೊಂಬೆ ಚೌಕಟ್ಟಿನೊಳಗೆ ಬಂದಿದ್ದರೆ ಇನ್ನೂ ಒಳ್ಳೆಯದು. ಹೆಜ್ಜಾರ್ಲೆಯಾದರೆ ನೀರಿನಿಂದ ಏಳುವಾಗ. ಅಷ್ಟು ದೊಡ್ಡ ಮೈ ಎತ್ತಲು ಅದು ನೀರನ್ನು ಪಾದದಿಂದ ಹೊಡೆಯುತ್ತ ಓಡುತ್ತದೆ, ಹಿಂದೆ ಗುರುತಿನ ಸಾಲು ಬಿಡುತ್ತದೆ. ಫಿಲ್ಮಿನ ಕಾಲದ ನಮ್ಮವರು, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಇವರ ಕಪ್ಪುಬಿಳುಪು ಚಿತ್ರಗಳನ್ನು ಹಳೆಯ ಪುಸ್ತಕಗಳಲ್ಲಿ ಹುಡುಕಿ. ಒಂದು ಸುರುಳಿಗೆ 36 ಚಿತ್ರ ಅಷ್ಟೇ. ಕಾಯುವುದನ್ನು ಬಿಟ್ಟರೆ ಅವರಿಗೆ ಬೇರೆ ದಾರಿಯಿರಲಿಲ್ಲ, ಕಾದವರಿಗೆ ಪ್ರಾಣಿಯ ನಡಿಗೆ ಮುಂಚಿತವಾಗಿ ಗೊತ್ತಾಗುತ್ತದೆ. ಈಗಿನ ಕ್ಯಾಮೆರಾ ಒಂದು ಉಸಿರಿನಲ್ಲಿ ಅಷ್ಟು ತೆಗೆದು ಮುಗಿಸುತ್ತದೆ, ಆರಿಸುವ ಕಷ್ಟ ಮಾತ್ರ ಹಾಗೇ ಉಳಿದಿದೆ.

ಮರಗಳ ವಿಷಯ ಚುಟುಕಾಗಿ. ಕಡಲತಡಿಯ ಬಾಗಿದ ತೆಂಗು ಚಲನೆಯ ಚಿತ್ರ ಅಲ್ಲವೇ ಅಲ್ಲ. ಕಾಂಡದ ಬಾಗು ಎಷ್ಟೋ ವರ್ಷದ ಬೆಳವಣಿಗೆ, ಗರಿಗಳ ತೂರಾಟ ಮಾತ್ರ ಈ ಗಳಿಗೆಯದು. ಎರಡನ್ನೂ ಬೇರೆಬೇರೆಯಾಗಿ ತೋರಿಸುವ ಚಿತ್ರ ಸಿಕ್ಕರೆ ಇಟ್ಟುಕೊಳ್ಳಿ. ಮೋಡಕ್ಕೆ ಇಂಗ್ಲಿಷ್ ಚಿತ್ರಕಾರ ಕಾನ್‌ಸ್ಟೆಬಲ್ ಸಾಕು. 1821–22ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ದಿಬ್ಬದಲ್ಲಿ ಬರೆದ ಮೋಡದ ಚಿತ್ರಗಳ ಬೆನ್ನಿಗೆ ಅವನು ದಿನ, ಗಂಟೆ, ಗಾಳಿ ಯಾವ ಕಡೆಯದು ಎಂದು ಬರೆದಿಡುತ್ತಿದ್ದ. ನೀವೂ ನಿಮ್ಮ ಚಿತ್ರಗಳ ಹಿಂದೆ ಬರೆದಿಡಿ. ಬಟ್ಟೆ, ಗಾಳಿ ಬೇಕಾದವರು ಶಾಂತಿನಿಕೇತನದ ರಾಮಕಿಂಕರ್ ಬೈಜ್‌ರ ‘ಮಿಲ್ ಕಾಲ್’ ಶಿಲ್ಪ ನೋಡಿ. ಗಿರಣಿಯ ಕೂಗಿಗೆ ಓಡುವ ಹೆಂಗಸರು, ಹಿಂದೆ ಹಾರುವ ಒದ್ದೆ ಸೀರೆ, ಎಲ್ಲ ಸಿಮೆಂಟು ಜಲ್ಲಿಯಲ್ಲಿ. ಬಣ್ಣದ ಬಗ್ಗೆ ಏನಾದರೂ ಹೇಳಿ ಎಂದು ಕೇಳಬಹುದು. ಚಿತ್ರವನ್ನು ಮೊದಲು ಕಪ್ಪುಬಿಳುಪಿಗೆ ತಿರುಗಿಸಿ. ಆಗಲೂ ಓಡುತ್ತಿದ್ದರೆ ಬಣ್ಣದ ಮಾತಾಡೋಣ.

ಕಲ್ಲಿನಲ್ಲಿ ಓಟ ನೋಡಬೇಕೆಂದರೆ ಹಂಪಿಯ ಹಜಾರರಾಮ ದೇವಸ್ಥಾನದ ಪ್ರಾಕಾರದ ಹೊರಗೋಡೆ. ಪ್ರವಾಸಿಗರು ಒಳಗಿನ ರಾಮಾಯಣಕ್ಕೆ ಓಡುತ್ತಾರೆ, ಗೈಡುಗಳೂ ಅಲ್ಲಿಗೇ ಅಟ್ಟುತ್ತಾರೆ. ನೀವು ಹೊರಗೇ ನಿಲ್ಲಿ, ಇಳಿಬಿಸಿಲಿನಲ್ಲಿ. ತಳದ ಪಟ್ಟಿಕೆಯಲ್ಲಿ ಆನೆಗಳು, ಅದರ ಮೇಲೆ ಕುದುರೆಗಳು, ಅವುಗಳ ಮೇಲೆ ಸೈನಿಕರು, ಇನ್ನೂ ಮೇಲೆ ಕುಣಿಯುವ ಹೆಂಗಸರು. ಭಾರದವರು ಕೆಳಗೆ, ಹಗುರಾದವರು ಮೇಲೆ. ಹಳೇಬೀಡಿನ ಹೊಯ್ಸಳರೂ ಆನೆಗಳನ್ನು ಅಡಿಯಲ್ಲೇ ಇಟ್ಟರು. ಅದರಿಂದಾಗಿ ಇಡೀ ಗೋಡೆ ಕೆಳಗೆ ನಿಧಾನಕ್ಕೂ ಮೇಲೆ ಚುರುಕಾಗಿಯೂ ಸಾಗುತ್ತದೆ. ಈ ಗೋಡೆಯ ಒಂದೇ ಒಂದು ಕುದುರೆಯನ್ನು ಹತ್ತಿರದಿಂದ ಕ್ಲಿಕ್ಕಿಸಿಕೊಂಡು ಬಂದು “ಡೀಟೇಲ್ ನೋಡಿ ಸಾರ್” ಅನ್ನುವವರಿಗೆ ನಾನು ಚಹಾ ಕೂಡ ಕೊಡುವುದಿಲ್ಲ. ಆ ಕುದುರೆಗೆ ಚಲನೆ ಬಂದದ್ದು ಕೆಳಗಿನ ಆನೆಯಿಂದ.

ಇನ್ನು ಕೆಲಸದ ಮಾತು. ಹೆಚ್ಚು ಚಿತ್ರ ಕೂಡಿಹಾಕಬೇಡಿ. ಆರಿಸಿದ ಕೆಲವನ್ನು ಕಾಗದಕ್ಕೆ ಅಚ್ಚು ಹಾಕಿಸಿ, ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಭಾರದ ಗೆರೆಯೊಂದನ್ನೇ ಎಳೆಯಿರಿ: ಎಲ್ಲಿಂದ ಇಳಿಯಿತು, ಎಲ್ಲಿ ಊರಿತು. ಟ್ರೇಸಿಂಗ್ ಹಾಳೆಗಳನ್ನಷ್ಟೇ ಗೋಡೆಗೆ ಅಂಟಿಸಿ, ಫೋಟೋಗಳನ್ನು ಒಳಗಿಡಿ. ನೀವು ಬರೆಯಬೇಕಾದ್ದು ಆ ಗೆರೆಗಳನ್ನು ನೋಡಿ. ಹಾಗೆ ಮಾಡಿದರೆ ಬೇರೆಯವರ ಫೋಟೋವನ್ನು ನಕಲು ಹೊಡೆದ ಅಪವಾದವೂ ತಪ್ಪುತ್ತದೆ. ಹಾಗಂದ ಮಾತ್ರಕ್ಕೆ ಫೋಟೋ ತೆಗೆದವರ ಹೆಸರು, ಅನುಮತಿ ಎರಡನ್ನೂ ಮರೆಯುವ ಹಾಗಿಲ್ಲ.

ಕಂಬಳದ ಚಿತ್ರ ಬೇಕೇ ಬೇಕು ಅನ್ನುವವರು ಯಾರದ್ದೋ ಚಿತ್ರ ಇಳಿಸಿಕೊಳ್ಳುವ ಬದಲು ಒಂದು ಸಲ ಹೋಗಿ ಬನ್ನಿ. ನವೆಂಬರಿನಿಂದ ಮಾರ್ಚ್ ತನಕ ದಕ್ಷಿಣ ಕನ್ನಡ, ಉಡುಪಿಯ ಕಡೆ ವಾರಾಂತ್ಯಗಳಲ್ಲಿ ನಡೆಯುತ್ತಿರುತ್ತದೆ. ಹಲಗೆಯ ಮೇಲೆ ನಿಂತು ಕೋಣ ಓಡಿಸುವ ಕನೆಹಲಗೆಯ ಓಟದಲ್ಲಿ ನೀರು ಮೇಲೆ ಕಟ್ಟಿದ ನಿಶಾನೆಯ ಎತ್ತರಕ್ಕೆ ಚಿಮ್ಮುತ್ತದೆ, ಎಲ್ಲ ಕ್ಯಾಮೆರಾಗಳೂ ಅತ್ತಲೇ. ಅದನ್ನು ಅವರಿಗೆ ಬಿಡಿ. ಓಟದ ಹಾದಿಯ, ಅಂದರೆ ಕರೆಯ, ನಡುಭಾಗದಲ್ಲೂ ನಿಲ್ಲಬೇಡಿ. ಅಲ್ಲಿ ಕಾಣುವುದು ಕೆಸರು ಮತ್ತು ಹಲ್ಲುಕಚ್ಚಿದ ಮುಖ, ಅಂಥದ್ದು ಬೇಕಾದಷ್ಟಿದೆ. ಓಟ ಮುಗಿಯುವ ಮಂಜೊಟ್ಟಿಯ ಪಕ್ಕಕ್ಕೆ ಹೋಗಿ, ಓಡಿಸುವವರಿಗೆ, ಕೋಣ ಹಿಡಿಯುವವರಿಗೆ ಅಡ್ಡ ಬಾರದ ಹಾಗೆ ಅಂಚಿನಲ್ಲಿ ಜಾಗ ಮಾಡಿಕೊಳ್ಳಿ. ಜೋಡಿ ಕೋಣಗಳು ಏರಿಗೆ ನುಗ್ಗುವಾಗ ಮುಂಗಾಲು ಮಣ್ಣಿಗೆ ಹೂತು ಹೆಗಲು ತಲೆಗಿಂತ ಮೇಲೇರುತ್ತದೆ, ಹಿಂದಿನ ಮನುಷ್ಯ ಹಗ್ಗದ ಮೇಲೆ ಪೂರ್ತಿ ಹಿಂದಕ್ಕೆ ವಾಲಿರುತ್ತಾನೆ, ಹಿಡಿಯಲು ನಿಂತವರು ಅವನ ಎದುರು ವಾಲಿರುತ್ತಾರೆ. ಕ್ಯಾಮೆರಾ ಒಯ್ದರೆ ಮೊದಲ ಕೆಲವು ಓಟ ಅದನ್ನು ಚೀಲದಿಂದ ತೆಗೆಯದೆ ಬರೀ ಕಣ್ಣಿನಲ್ಲಿ ನೋಡಿ. ಊಟ ಅಲ್ಲೇ ಸಿಗುತ್ತದೆ. ಹಳೆಯ ಬಟ್ಟೆ ಹಾಕಿಕೊಂಡು ಹೋಗಿ.